ನಾಡಿ ಹೇಳಿದ ಸೊನ್ನೆ

ಹುಬ್ಬಳ್ಳಿಯ ಹೊಸೂರು ವೃತ್ತ ದಾಟಿ ಇನ್ನೂರು ಗಜವೂ ಹೋಗಿರಲಿಲ್ಲ, ಚೆನ್ನವೀರ ಹೊಸಕೇರಿ ತಾನು ಓಡಿಸುತ್ತಿದ್ದ ಬಸ್ಸನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದ. ಬ್ರೇಕ್ ಎಳೆದು, ಕೀಲಿ ತೆಗೆದು ಕಂಡಕ್ಟರನ ಕೈಗಿಟ್ಟ. ಸೀಟಿನ ಮೇಲಿದ್ದ ಟವೆಲ್ಲನ್ನು ಹೊಟ್ಟೆಗೆ ಒತ್ತಿ ಹಿಡಿದು ಕೆಳಗಿಳಿದು ನಡೆದ. ಬಸ್ಸಿನಲ್ಲಿ ನಲವತ್ತು ಮಂದಿ ಇದ್ದರು. ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡಿದ್ದರು. ಯಾರೋ ಒಬ್ಬ ಫೋನು ಎತ್ತಿ ನಡೆದು ಹೋಗುತ್ತಿದ್ದ ಅವನ ಬೆನ್ನಿನ ಚಿತ್ರ ತೆಗೆದ.

ಇದನ್ನು ಅವನ ಹೆಂಡತಿ ನೀಲಾಂಬಿಕೆಗೆ ಫೋನ್ ಮಾಡಿ ಹೇಳಿದ್ದು ಕಂಡಕ್ಟರ್. "ಅಕ್ಕಾರ, ಅಣ್ಣಾರು ಮನೀಕಡೆ ಹ್ವಾದ್ರು. ಏನಾತು ಅಂತ ನಾ ಕೇಳ್ಲಿಲ್ಲ. ನೀವು ಲಗೂನ ಹೋಗ್ರಿ."

ಅವಳು ಆಫೀಸಿನಿಂದ ಆಟೋ ಹಿಡಿದು ಮನೆಗೆ ಬಂದಾಗ ಬಚ್ಚಲುಮನೆಯ ಬಾಗಿಲು ಒಳಗಿನಿಂದ ಹಾಕಿತ್ತು. ನೀರು ಬೀಳುವ ಸದ್ದು ಅರ್ಧ ಗಂಟೆ ನಿಲ್ಲಲಿಲ್ಲ. ಆಮೇಲೆ ಅವನು ಲುಂಗಿ ಸುತ್ತಿಕೊಂಡು ಹೊರಗೆ ಬಂದು ಅವಳನ್ನು ನೋಡದೆ ಮಂಚದ ಮೇಲೆ ಕುಳಿತ.

ನಾಲ್ಕು ವರ್ಷದ ಹಿಂದೆ ಕ್ಯಾನ್ಸರ್ ಆಗಿ ಅವನ ಕರುಳಿನ ಕೊನೆಯ ಭಾಗವನ್ನು ತೆಗೆದಿದ್ದರು. ಮಲ ಹೊರಬರಲು ಹೊಟ್ಟೆಯ ಎಡಬದಿಗೆ ಒಂದು ದಾರಿ ಮಾಡಿದ್ದರು. ಅದರ ಮೇಲೆ ಚರ್ಮಕ್ಕೆ ಅಂಟಿಸುವ ಒಂದು ಚೀಲ. ಆ ಚೀಲ ಗಟ್ಟಿಯಾಗಿದ್ದರೆ ಮನುಷ್ಯ ಬಸ್ಸು ಓಡಿಸಬಹುದು, ಮದುವೆಗೆ ಹೋಗಬಹುದು, ಯಾರ ಪಕ್ಕದಲ್ಲಾದರೂ ಕೂರಬಹುದು. ಚೀಲಗಳನ್ನು ಎಲ್ಲಿಂದ ತರುತ್ತಾನೆ ಎಂದು ಅವನು ಹೆಂಡತಿಗೆ ಎಂದೂ ಹೇಳಿರಲಿಲ್ಲ. ಕಪಾಟಿನ ಒಂದು ಖಾನೆಗೆ ಬೀಗ ಹಾಕಿಕೊಂಡಿದ್ದ. ಅವಳೂ ಕೇಳಿರಲಿಲ್ಲ.

"ಚೀಲ ಮುಗದು ಎಷ್ಟ ದಿನ ಆತ್ರಿ?"

"ಹನ್ನೊಂದು." ಅವನು ನೆಲ ನೋಡುತ್ತಲೇ ಹೇಳಿದ. "ಒಂದನ್ನ ತೊಳದು ತೊಳದು ಹಚ್ಚಾಕತ್ತಿದ್ದೆ. ಅಂಟು ಹೋಗಿತ್ತು. ಮ್ಯಾಲೆ ಪಟ್ಟಿ ಹಚ್ಕೊಂಡಿದ್ದೆ. ಇವತ್ತ ಬಿಟ್ಟ ಬಿಡ್ತು."

ಅವಳು ಲುಂಗಿಯ ಅಂಚು ಸರಿಸಿದಳು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವನು ತಡೆಯಲಿಲ್ಲ. ಚರ್ಮ ಅಂಗೈಯಗಲ ಕಿತ್ತು ಹಸಿಮಾಂಸದ ಹಾಗೆ ಆಗಿತ್ತು.

"ನನಗ ಹೇಳಾಕ ಏನಾಗಿತ್ತು? ಫೋನಿನಾಗ ಹುಡುಕಿದ್ರೂ ಸಿಗ್ತಿತ್ತಲ್ಲ!"

"ಹುಡುಕಿದ್ರ ನಿಮ್ಮ ಆಫೀಸಿಗೆ ಗೊತ್ತಾಕ್ಕೇತಿ." ಅವನ ದನಿ ಈಗ ಏರಿತು. "ಯಾವ ಮನ್ಯಾಗ ಯಾರು ಏನ ಹುಡುಕ್ತಾರ ಅಂತ ನಿಮ್ಮ ನಾಡಿ ಯಂತ್ರಕ್ಕ ತಿಳೀತೈತಿ ಅಂತ ನೀನ ಹೇಳಿದ್ದಿ. ನಿನ್ನ ಮಂದಿ ಕೂತು ನೋಡ್ಲಿ ಅಂತ ಹುಡುಕ್ಲೇನು?"

ಅವಳು ತನ್ನ ಫೋನು ತೆಗೆದು ತಾನೇ ಹುಡುಕಿದಳು. ತೆರೆಯ ಮೇಲೆ ಎರಡು ಸಾಲು ಬಂದವು: 'ನಿಮ್ಮ ತಾಲ್ಲೂಕಿನಲ್ಲಿ ಬೇಡಿಕೆ ಇಲ್ಲ. ಈ ವಸ್ತು ತಯಾರಾಗುತ್ತಿಲ್ಲ.' ಕೆಳಗೆ, ಇವು ನಿಮಗೆ ಹಿಡಿಸಬಹುದು ಎಂದು ಪ್ರವಾಸಕ್ಕೆ ಹೋಗುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಬಣ್ಣಬಣ್ಣದ ಚೀಲಗಳು.

ಆ ಮೊದಲಿನ ಎರಡು ಸಾಲು ಅವಳ ಆಫೀಸಿನವು. ಅವಳೇ ತಿದ್ದಿ ಒಪ್ಪಿಗೆ ಕೊಟ್ಟಿದ್ದ ವಾಕ್ಯಗಳು.

ನಾಡಿ ಬಂದು ಆಗ ಒಂಬತ್ತು ವರ್ಷವಾಗಿತ್ತು. ಆನ್‌ಲೈನ್ ಮಾರುಕಟ್ಟೆಯಲ್ಲಿ ಯಾವ ಸರಕಿಗೆ ಎಷ್ಟು ಗಿರಾಕಿ ಇದ್ದಾರೆ ಎಂದು ಮಾರುವವರಿಗೆ ಹೇಳಿಕೊಡುವ ಒಂದು ಸಣ್ಣ ಸಾಧನವಾಗಿ ಅದು ಹುಟ್ಟಿತು. ಬೆಳೆಯುತ್ತ ಬೆಳೆಯುತ್ತ ಕಾರ್ಖಾನೆಗಳೂ ಅದರ ಮಾತು ಕೇಳತೊಡಗಿದವು. ಗೋದಾಮು ತುಂಬಿಡುವುದು ದಂಡವೆಂದು ಎಲ್ಲರೂ ಬಿಟ್ಟರು. ಪ್ರತಿ ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ನಾಡಿ ಮೂರು ಲಕ್ಷ ವಸ್ತುಗಳಿಗೆ ತಾಲ್ಲೂಕುವಾರು ಒಂದೊಂದು ಅಂಕಿ ಹೊರಡಿಸುತ್ತಿತ್ತು. ಜಿಲ್ಲೆಗೊಂದರಂತಿದ್ದ ಸ್ವಯಂಚಾಲಿತ ಕಾರ್ಖಾನೆಗಳು ಆ ವಾರ ಅಷ್ಟನ್ನೇ ಮಾಡುತ್ತಿದ್ದವು. ಸೊನ್ನೆ ಬಂದರೆ ಯಂತ್ರ ಆ ಅಚ್ಚನ್ನು ಕಳಚಿ ಮೂಲೆಗಿಡುತ್ತಿತ್ತು.

ಹೊರಗಿನವರಿಗೆ ತಿಳಿಯದ ಸಂಗತಿ ಒಂದಿತ್ತು. ಮಾರುಕಟ್ಟೆಗಳು ತಮ್ಮ ನಿಜವಾದ ಮಾರಾಟದ ಲೆಕ್ಕವನ್ನು ನಾಡಿಗೆ ಕೊಡುತ್ತಲೇ ಇರಲಿಲ್ಲ; ಅನುಮಾನ ಬಂದ ಖಾತೆಗಳ ವಿವರವನ್ನಷ್ಟೇ ಕೇಳಿದಾಗ ಕೊಡುತ್ತಿದ್ದವು. ಎಷ್ಟು ಜನ ಹುಡುಕಿದರು, ಎಷ್ಟು ಜನ ಅಭಿಪ್ರಾಯ ಬರೆದರು, ಪಟ್ಟಿಯಲ್ಲಿ ವಸ್ತು ಎಷ್ಟನೆಯದಾಗಿದೆ, ಈ ಮೂರನ್ನು ಹೊರಗಿನಿಂದ ಇಣುಕಿ ನೋಡಿ ನಾಡಿ ಮಾರಾಟವನ್ನು ಊಹಿಸುತ್ತಿತ್ತು. ಊಹೆ ಎಷ್ಟು ಗಟ್ಟಿ ಎಂಬುದಕ್ಕೆ ಒಳಗೆ 'ನಂಬಿಕೆ' ಎಂಬ ಇನ್ನೊಂದು ಕಾಲಮ್ಮು ಇತ್ತು, ನೂರಕ್ಕೆ ಇಷ್ಟು ಎಂದು. ಗಿರಾಕಿಗಳಿಗೆ ಕಾಣುತ್ತಿದ್ದದ್ದು ಅಂಕಿ ಮಾತ್ರ.

ಅದೇ ದಿನ, ಶುಕ್ರವಾರ, ಮಧ್ಯಾಹ್ನ ನೀಲಾಂಬಿಕೆ ಆಫೀಸಿಗೆ ಹಿಂತಿರುಗಿ, ನಿಯಂತ್ರಣ ಕೋಣೆಯ ತನ್ನ ಜಾಗದಲ್ಲಿ ಕುಳಿತು ಆ ಚೀಲದ ಪುಟ ತೆರೆದಳು. ಅಂಕಿಅಂಶ ಶೋಧನೆಯ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಕೆಟ್ಟ ಮಾಹಿತಿಯನ್ನು ಜರಡಿ ಹಿಡಿದು ಹೊರಹಾಕುವುದು ಅವಳ ಕೆಲಸ.

ಆರು ಜಿಲ್ಲೆಗಳಲ್ಲಿ ಬೇಡಿಕೆ ಸೊನ್ನೆ. ನಂಬಿಕೆ ನೂರಕ್ಕೆ ನಾಲ್ಕು.

ಅವಳು ಹಳೆಯ ವಾರಗಳ ಲೆಕ್ಕದಲ್ಲಿ ಹಿಂದಕ್ಕೆ ಹಿಂದಕ್ಕೆ ಹೋದಳು. ಏಳು ವಾರದ ಹಿಂದಿನ ತನಕ ಹಳೇ ಹುಬ್ಬಳ್ಳಿಯ ಒಂದೇ ಖಾತೆ ಆ ಚೀಲಗಳನ್ನು ರಾಶಿಗಟ್ಟಲೆ ಕೊಳ್ಳುತ್ತಿತ್ತು. ಎಲ್ಲವೂ ಒಂದೇ ವಿಳಾಸಕ್ಕೆ. ಅಭಿಪ್ರಾಯಗಳೂ ಒಂದೇ ಫೋನಿನಿಂದ. ನಾಡಿ ಆ ಖಾತೆಗೆ 'ಹುಸಿ ಕೈ' ಎಂದು ಮುದ್ರೆ ಒತ್ತಿ, ಅದರ ಖರೀದಿ, ಅಭಿಪ್ರಾಯಗಳನ್ನೆಲ್ಲ ನಡೆದೇ ಇಲ್ಲ ಎನ್ನುವಂತೆ ಅಳಿಸಿತ್ತು. ಆ ನಿಯಮ ಬರೆದವಳು ಅವಳೇ. ಆರು ವರ್ಷದ ಹಿಂದೆ ಒಬ್ಬ ತಲೆಎಣ್ಣೆ ಮಾರುವವನು ತನ್ನ ಎಣ್ಣೆಯನ್ನು ತಾನೇ ಕೊಂಡು, ತಾನೇ ಹೊಗಳಿ ಬರೆದು ಅರ್ಧ ರಾಜ್ಯಕ್ಕೆ ಎಣ್ಣೆ ಸುರಿಸಿದ್ದಾಗ ಬರೆದದ್ದು. ಅಂದು ಅವಳಿಗೆ ಶಾಲು ಹೊದಿಸಿದ್ದರು. ಅಳಿಸಿದ ಮೇಲೆ ಉಳಿಯುವುದೇನು ಎಂದು ಯಾರೂ ಕೇಳಲಿಲ್ಲ. ಅವಳೂ ಕೇಳಿಕೊಳ್ಳಲಿಲ್ಲ.

ಅಳಿಸಿದ ಅಭಿಪ್ರಾಯಗಳನ್ನು ಅವಳು ಒಂದೊಂದಾಗಿ ಓದಿದಳು. ಐದನೆಯದರಲ್ಲಿ ಹೀಗಿತ್ತು: 'ಅಂಟು ಗಟ್ಟಿ ಐತಿ. ಎಂಟು ತಾಸು ಗಾಡಿ ಮ್ಯಾಲೆ ಕುಂತ್ರೂ ಬಿಡೂದಿಲ್ಲ. ಮಾಡಿದವರಿಗೆ ಪುಣ್ಯ ಬರ್ಲಿ.' ಬಿಸಿಲಲ್ಲಿ ನೀರು ಕೊಟ್ಟವರಿಗೂ ಅವಳ ಗಂಡ ಇದೇ ಮಾತು ಹೇಳುತ್ತಿದ್ದ. ಮಗ್ಗುಲಲ್ಲಿ ಯಂತ್ರದ ತೀರ್ಪು ಇತ್ತು. ಹುಸಿ, ನೂರಕ್ಕೆ ತೊಂಬತ್ತೇಳು ಖಚಿತ.

ಇನ್ನು ಹುಡುಕಾಟದ ಲೆಕ್ಕ. ಆಸ್ಪತ್ರೆಯ ಉದ್ದ ಹೆಸರು ಬಲ್ಲವರು ಯಾರು? ಜನ 'ಹೊಟ್ಟಿ ಚೀಲ' ಎಂದು ಹುಡುಕಿದ್ದರು. ನಾಡಿ ಅವರೆಲ್ಲರನ್ನೂ ಸೊಂಟದ ಚೀಲದ ಗಿರಾಕಿಗಳೆಂದು ಎಣಿಸಿತ್ತು. ಚೀಲ ಸಿಗದೆ ಕಂಗಾಲಾಗಿ ಜನ ಮತ್ತೆ ಮತ್ತೆ ಹುಡುಕಿದಷ್ಟೂ ಧಾರವಾಡದ ಕಾರ್ಖಾನೆ ಸೊಂಟದ ಚೀಲ ಹೊಲಿಯುತ್ತ ಹೋಗಿತ್ತು. ಆ ವಾರ ನಾಲ್ಕು ಸಾವಿರ.

ನೀಲಾಂಬಿಕೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಪಕ್ಕದವರು ತಿರುಗಿ ನೋಡಿದರು. ಅವಳಿಗೆ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು, ಯಾರ ಕಪಾಳಕ್ಕೆ ಎಂದು ಗೊತ್ತಾಗಲಿಲ್ಲ.

ಮರುದಿನ ಅವಳು ಆ ಖಾತೆಯ ವಿಳಾಸ ಹುಡುಕಿಕೊಂಡು ಹೋದಳು. ಬಾಗಿಲು ತೆರೆದವರು ಎಪ್ಪತ್ತು ದಾಟಿದ, ಬೆನ್ನು ನೆಟ್ಟಗಿದ್ದ ಹೆಂಗಸು. ಮೆಹರುನ್ನೀಸಾ ನದಾಫ್, ಮೂವತ್ತೈದು ವರ್ಷ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದವರು. ತಾನು ಚೆನ್ನವೀರನ ಹೆಂಡತಿ ಎಂದು ನೀಲಾಂಬಿಕೆ ಹೇಳಿದಾಗ ಅವರ ಮುಖ ಅರಳಿತು. ಎಲ್ಲಿ ಕೆಲಸ ಎಂದು ಹೇಳಿದೊಡನೆ ಗಂಟಿಕ್ಕಿತು.

"ಅಂದ್ರ ನನಗ ಕಳ್ಳಿ ಅಂತ ಬರದಾಕಿ ನೀನ ಏನವಾ?"

"ಹೌದ್ರಿ ಸಿಸ್ಟರ್. ನಿಯಮ ನಂದ."

ಮುದುಕಿ ಕೂರು ಎನ್ನಲಿಲ್ಲ. ನಿಂತಲ್ಲೇ ಮಾತಾಡಿದರು. "ಅರವತ್ಮೂರು ಮಂದಿ ಅದಾರ. ಕಾಲೇಜಿನಾಗ ಪಾಠ ಹೇಳಾಂವ ಅದಾನ, ಬೇಕರಿಯಾಂವ ಅದಾನ, ಮದುವಿ ಆಗಿ ಎರಡು ವರ್ಷ ಆದಾಕಿ ಅದಾಳ. ಅವರ ಮನೀಗೆ ಆ ಡಬ್ಬಿ ಬಂದ್ರ ಓಣಿ ತುಂಬ ಸುದ್ದಿ. ಅದಕ್ಕ ನಾ ತರಸ್ತೀನಿ, ಅವರು ಬಂದು ಒಯ್ತಾರ. ಹೆಂಗೈತಿ ಅಂತ ಅವರು ಹೇಳ್ತಾರ, ನಾ ಬರೀತೀನಿ, ಮಾಡಾವರಿಗೆ ತಿಳೀಲಿ ಅಂತ. ಇದರಾಗ ಮೋಸ ಏನೈತಿ ಹೇಳು."

"ಏನೂ ಇಲ್ರಿ."

"ಏಳು ವಾರ ಆತು. ನಿಮ್ಮ ಆಫೀಸಿಗೆ ಇಪ್ಪತ್ತು ಸಲ ಫೋನ್ ಹಚ್ಚೀನಿ. ಒಂದು ಮಷೀನು ಎತ್ತಿ, ನಿಮ್ಮ ಕರೆ ನಮಗೆ ಮುಖ್ಯ ಅಂತದ. ಇಟ್ಟುಕೊಂಡಿದ್ದು ಇರೂತನಕ ಹಂಚಿದೆ, ತೀರಿತು." ಅವರು ಒಳಗಿನ ಖಾಲಿ ಕಪಾಟಿನ ಕಡೆ ಕೈ ಮಾಡಿದರು. "ಕುಂದಗೋಳದಾಗ ಒಬ್ಬಾಕಿ ಅದಾಳ. ಮೂವತ್ತೊಂದು ವಯಸ್ಸು. ಚೀಲ ಇಲ್ದ ಏನ್ ಮಾಡ್ಯಾಳ ಗೊತ್ತೇನು? ಊಟಾನ ಬಿಟ್ಟಾಳ. ಒಳಗ ಹೋಗ್ಲಿಲ್ಲಂದ್ರ ಹೊರಗ ಬರೂದಿಲ್ಲಲ್ಲ. ಹತ್ತು ದಿನ ಬರೇ ಚಹಾ. ಮೊನ್ನೆ ದವಾಖಾನೀಗೆ ಹಾಕ್ಯಾರ. ಇದನ್ನ ಯಾವ ಕಾಲಮ್ಮಿನಾಗ ಬರೀತಿ ನೀನು?"

ನೀಲಾಂಬಿಕೆ ಅಳಲಿಲ್ಲ. ಅತ್ತರೆ ಆ ಮುದುಕಿ ಇನ್ನೂ ಸಿಟ್ಟಾಗುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಹೊರಡುವಾಗ ಮೆಹರುನ್ನೀಸಾ ಒಳಗೆ ಹೋಗಿ ಒಂದು ಮುಲಾಮು ತಂದು ಅವಳ ಕೈಗಿಟ್ಟರು. "ಚೆನ್ನವೀರಗ ಹಚ್ಚು. ದಿನಕ್ಕ ಮೂರು ಸಲ. ಒತ್ತಿ ತಿಕ್ಕಬ್ಯಾಡ."

ಸೋಮವಾರ ಅವಳು ನಿರ್ದೇಶಕ ಶ್ರೀಹರಿ ಗಲಗಲಿಯವರ ಕೋಣೆಗೆ ಹೋದಳು. ಗಲಗಲಿ ಒಳ್ಳೆಯ ಮಾತಿನ ಮನುಷ್ಯ, ಯಾರ ಮೇಲೂ ದನಿ ಏರಿಸಿದವರಲ್ಲ. ಅವಳು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು.

"ಛೆ, ಮೊದಲ ಹೇಳಬಾರದಿತ್ತೇನ್ರಿ ಹೊಸಕೇರಿ ಮೇಡಮ್? ನಿಮ್ಮ ಮನಿಯವರಿಗೆ ತಿಂಗಳಿಗೆ ಎಷ್ಟು ಬೇಕು ಹೇಳ್ರಿ. ಆ ಒಂದು ವಸ್ತುವಿಗೆ ನಾನ ಕೈಯಿಂದ ಅಂಕಿ ಹಾಕಸ್ತೀನಿ. ನಾಳೆನ ಆಗ್ತದ."

ಅವರು ಕಪಟದಿಂದ ಹೇಳಿರಲಿಲ್ಲ. ಅದಕ್ಕೇ ಅವಳಿಗೆ ಮೈ ಉರಿಯಿತು.

"ನಮ್ಮ ಮನಿಯವರಿಗೆ ಅಷ್ಟ ಅಲ್ರಿ ಸರ್. ನಿನ್ನೆ ಇಡೀ ದಿನ ಕೂತು ತಗದೀನಿ. ಇಂಥಾ ಸೊನ್ನೆ ಹನ್ನೊಂದು ಸಾವಿರದ ನಾಕುನೂರಾ ಹನ್ನೆರಡು ಅದಾವು." ಅವಳು ಕಾಗದ ಮುಂದಿಟ್ಟಳು. "ಕಿವಿಯ ಯಂತ್ರದ ನಳಿಕೆ. ಪೋಲಿಯೋ ಆದವರು ಹಾಕ್ಕೊಳ್ಳೋ ಒಂದು ದೊಡ್ಡದು ಒಂದು ಸಣ್ಣದು ಜೋಡಿ ಬೂಟು. ಎದೆ ತಗಸಿದ ಹೆಂಗಸರ ಒಳಉಡುಪು. ದೊಡ್ಡವರ ಡೈಪರು. ಕಣ್ಣಿಲ್ಲದವರು ಚುಕ್ಕಿ ಚುಚ್ಚಿ ಬರಿಯೋ ಬ್ರೈಲ್ ಮೊಳೆ. ಕೇಳಾಕ ನಾಚೋರು, ಇಲ್ಲಾ ಕೇಳೋರು ಕಡಿಮಿ. ನಮಗ ಗೊತ್ತಿಲ್ಲದ್ದನ್ನೆಲ್ಲಾ ಇಲ್ಲ ಅಂತ ಬರದೀವಿ."

"ನಂಬಿಕಿ ಇಪ್ಪತ್ತರ ಕೆಳಗ ಹೋದ್ರ ಸೊನ್ನಿ ತೋರಸೋದು ನಮ್ಮ ಪದ್ಧತಿ. ನಿಮಗ ಗೊತ್ತದ."

"ಯಾಕ ತೋರಸಬೇಕು? ಗೊತ್ತಿಲ್ಲ ಅಂತ ತೋರಸ್ರಿ."

ಗಲಗಲಿ ನಕ್ಕರು. "ಮೊದಲನೇ ವರ್ಷ ಹಂಗ ತೋರಸ್ತಿದ್ವಿ, ನೀವು ಬರೋಕಿಂತ ಮೊದಲು. ಗಿರಾಕಿಗಳು ಸಾಧನ ವಾಪಸ್ ಕೊಟ್ಟು ಹೋದ್ರು. ಅವರಿಗೆ ಬೇಕಾದದ್ದು ಅಂಕಿ. ಗೊತ್ತಿಲ್ಲ ಅನ್ನಲಿಕ್ಕೆ ನಮ್ಮನ್ಯಾಕ ಕೇಳ್ತಾರ? ನೀವು ಸ್ವಲ್ಪ ದಿನ ರಜಾ ತಗೋರಿ. ಮನಿಯವರನ್ನ ನೋಡ್ಕೋರಿ."

"ಕುಂದಗೋಳದಾಗ ಒಬ್ಬಾಕಿ ಊಟ ಬಿಟ್ಟಾಳ್ರಿ ಸರ್."

"ಒಂದು ಪ್ರಕರಣದ ಮ್ಯಾಲೆ ವ್ಯವಸ್ಥಾ ಬದಲಿ ಮಾಡಲಿಕ್ಕೆ ಬರೂದಿಲ್ಲ. ಅದನ್ನ ನನಗ ಕಲಿಸಿದವರು ನೀವ."

ಅದು ನಿಜವಾಗಿತ್ತು. ಎಷ್ಟೋ ಸಭೆಗಳಲ್ಲಿ ಅವಳೇ ಆ ಮಾತು ಆಡಿದ್ದಳು. ಅವಳು ಕಾಗದ ಎತ್ತಿಕೊಂಡು ಹೊರಗೆ ಬಂದಳು.

ಮನೆಗೆ ಹೋಗಿ ಚೆನ್ನವೀರನ ಹೊಟ್ಟೆಗೆ ಮುಲಾಮು ಹಚ್ಚುತ್ತ ಎಲ್ಲವನ್ನೂ, ನಾಳೆ ತಾನು ಮಾಡಲಿರುವುದನ್ನೂ ಹೇಳಿದಳು. ಬಸ್ಸಿನಲ್ಲಿ ತೆಗೆದ ಚಿತ್ರ ಅಷ್ಟರಲ್ಲಿ ಡಿಪೋ ತುಂಬ ತಿರುಗಿ ಬಂದಿತ್ತು.

"ನಿನ್ನ ನೌಕರಿ ಹೋಕ್ಕೇತಿ," ಎಂದ ಚೆನ್ನವೀರ.

"ಹೋಗ್ಲಿ."

"ಜೈಲಿಗೆ ಹಾಕಿದ್ರ?"

"ಸುಳ್ಳು ತಗಿಯಾಕ ಹೊಂಟೀನಿ, ಹಾಕಾಕ ಅಲ್ಲ. ಜೈಲಿಗೆ ಹಾಕ್ಲಿ, ನೋಡೂಣು."

ಮಂಗಳವಾರ ಬೆಳಗ್ಗೆ ನಿಯಂತ್ರಣ ಕೋಣೆಯ ದೊಡ್ಡ ಗೋಡೆಯ ಮೇಲೆ ಮೂರು ಲಕ್ಷ ವಸ್ತುಗಳ ಪಟ್ಟಿ ಎಂದಿನಂತೆ ಓಡುತ್ತಿತ್ತು. ಅಂಕಿ ಹೊರಡುವ ಮುನ್ನ ಶೋಧನಾ ವಿಭಾಗದ ಮುಖ್ಯಸ್ಥೆ ಒಪ್ಪಿಗೆ ಕೊಡಬೇಕು. ಹತ್ತು ಗಂಟೆ ಐವತ್ತು ನಿಮಿಷಕ್ಕೆ ನೀಲಾಂಬಿಕೆ ನಾಡಿಯ ನಿಯಮಗಳಿಂದ ಒಂದೇ ಒಂದು ಸಾಲು ತೆಗೆದಳು, ನಂಬಿಕೆ ಇಲ್ಲದ ಕಡೆ 'ಗೊತ್ತಿಲ್ಲ' ಎಂಬುದನ್ನು ಮುಚ್ಚಿ ಸೊನ್ನೆ ಬರೆಯುವ ಸಾಲು. ಅದರ ಜಾಗದಲ್ಲಿ ತಾನೊಂದು ಅಂಕಿಯನ್ನೂ ಹಾಕಲಿಲ್ಲ, ಗಂಡನ ಚೀಲಕ್ಕೂ ಹಾಕಲಿಲ್ಲ. ಒಪ್ಪಿಗೆಯ ಗುಂಡಿ ಒತ್ತಿದಳು.

ಹನ್ನೊಂದಕ್ಕೆ ಗೋಡೆ ಬದಲಾಯಿತು. ಅಲ್ಲೊಂದು ಇಲ್ಲೊಂದು 'ಗೊತ್ತಿಲ್ಲ' ಕಾಣಬಹುದು ಎಂದು ಅವಳು ಎಣಿಸಿದ್ದಳು. ಆದರೆ ಆ ಸಾಲು ಸೊನ್ನೆ ಬರೆಯುವುದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಹೆಚ್ಚು ಬಿಕರಿಯಾಗುವ ಸರಕುಗಳಲ್ಲಿ ನಂಬಿಕೆ ಕುಸಿದಾಗ ಪಕ್ಕದ ತಾಲ್ಲೂಕಿನ ಅಂಕಿಯನ್ನು ತಂದು ತೇಪೆ ಹಾಕುತ್ತಿತ್ತು. ಅವಳಿಗಿಂತ ಮೊದಲು ಇದ್ದವರು ಯಾರೋ ಸೇರಿಸಿದ್ದು. ಆ ತೇಪೆಯೂ ಕಳಚಿತು. ಸಾಬೂನು ಗೊತ್ತಿಲ್ಲ. ಛತ್ರಿ ಗೊತ್ತಿಲ್ಲ. ಶಾಲೆಯ ಚೀಲ ಗೊತ್ತಿಲ್ಲ. ಮೂರು ಲಕ್ಷದಲ್ಲಿ ಒಂದು ಲಕ್ಷ ತೊಂಬತ್ತು ಸಾವಿರ ವಸ್ತುಗಳ ಮುಂದೆ ಅದೇ ಒಂದು ಪದ ನಿಂತಿತು. ಒಂಬತ್ತು ವರ್ಷ ನಾಡು ಯಾವ ಅಂಕಿಯನ್ನು ನಂಬಿ ಉಂಡು ಉಟ್ಟಿತ್ತೋ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಅಂದಾಜು.

ಕೋಣೆಯಲ್ಲಿದ್ದವರು ಎದ್ದು ನಿಂತರು. ಫೋನುಗಳು ಒಟ್ಟಿಗೇ ಬಡಿದುಕೊಂಡವು. ಅಂಕಿ ಬಾರದಿದ್ದರೆ ಯಂತ್ರ ಕಡೆಯ ಸಲ ಮಾಡಿದಷ್ಟನ್ನೇ ಮಾಡಬೇಕು ಮತ್ತು ಒಬ್ಬ ಮನುಷ್ಯನನ್ನು ಕರೆದು ಕೇಳಬೇಕು ಎಂಬ ಹಳೆಯ ಕಟ್ಟಳೆ ಕಾರ್ಖಾನೆಗಳಲ್ಲಿ ಇನ್ನೂ ಉಳಿದಿತ್ತು. ಯಾರನ್ನು ಕರೆಯಬೇಕು ಎಂಬುದು ಮಾತ್ರ ಎಲ್ಲರಿಗೂ ಮರೆತಿತ್ತು. ಬೀಗ ಜಡಿದ ಕೋಣೆಗಳಲ್ಲಿ ಕರೆಗಂಟೆಗಳು ಹೊಡೆದುಕೊಳ್ಳುತ್ತಿದ್ದವು.

ಗಲಗಲಿ ಓಡಿ ಬಂದರು. ಅವರ ದನಿ ಏರಿದ್ದನ್ನು ಅಂದು ಮೊದಲ ಸಲ ಎಲ್ಲರೂ ಕೇಳಿದರು. "ಏನ್ ಮಾಡಿದ್ರಿ? ನಮ್ಮನ್ನ ಬತ್ತಲಿ ಮಾಡಿಬಿಟ್ರಲ್ರೀ!"

"ನಾ ಏನೂ ಮಾಡಿಲ್ರಿ. ಬತ್ತಲೀನ ಇದ್ವಿ. ಅರಬಿ ಹಾಕ್ಕೊಂಡೀವಿ ಅಂತ ಬರದಿದ್ವಿ, ಅದನ್ನ ಅಳಸೀನಿ."

ಕಾವಲಿನವನು ಬಂದು ಅವಳ ಗುರುತಿನ ಚೀಟಿ ಇಸಿದುಕೊಂಡ. ಸಂಜೆಯ ಹೊತ್ತಿಗೆ ಕಂಪನಿ ಹಳೆಯ ಸಾಲನ್ನು ಮತ್ತೆ ಸೇರಿಸಿತು. ಆದರೆ ಆ ವಾರದ ಅಂಕಿ ಹೊರಟುಹೋಗಿತ್ತು, ಹಿಂದಕ್ಕೆ ಕರೆಯಲು ಬರುತ್ತಿರಲಿಲ್ಲ. ಧಾರವಾಡದ ಕಾರ್ಖಾನೆ ಮೂಲೆಯಲ್ಲಿದ್ದ ಅಚ್ಚನ್ನು ತೆಗೆದು ಏಳು ವಾರದ ಹಿಂದೆ ಮಾಡಿದಷ್ಟು ಚೀಲಗಳನ್ನು ಮಾಡಿತು. ಮೆಹರುನ್ನೀಸಾ ಅವನ್ನು ಇನ್ನೊಬ್ಬರ ಖಾತೆಯಿಂದ ತರಿಸಿ ಹಂಚಿದರು.

ಕುಂದಗೋಳದವಳು ಬದುಕಿದಳು. ಆದರೆ ದವಾಖಾನೆಯಲ್ಲಿ ಗಂಡನ ಮನೆಯವರಿಗೆ ವಿಷಯ ತಿಳಿಯಿತು. ಅವಳನ್ನು ತವರಿಗೆ ಬಿಟ್ಟು ಬಂದರು. ಇದನ್ನು ಕೇಳಿದ ದಿನ ನೀಲಾಂಬಿಕೆ ಅಡುಗೆಮನೆಯಲ್ಲಿ ಕೈಯಲ್ಲಿದ್ದ ಪಾತ್ರೆಯನ್ನು ಗೋಡೆಗೆ ಎಸೆದಳು. ಅಂಕಿ ತಿದ್ದಬಹುದಿತ್ತು, ಇದನ್ನು ತಿದ್ದಲು ಅವಳಲ್ಲಿ ಏನೂ ಇರಲಿಲ್ಲ.

ಎರಡು ತಿಂಗಳ ನಂತರ ಜಿಲ್ಲಾ ಸರಬರಾಜು ಸಮಿತಿ ನಾಡಿಯ ಸೊನ್ನೆಗಳ ಬಗ್ಗೆ ವಿಚಾರಣೆ ನಡೆಸಿತು. ನಿವೃತ್ತ ನ್ಯಾಯಾಧೀಶೆಯೊಬ್ಬರು ಅಧ್ಯಕ್ಷೆ. ನೀಲಾಂಬಿಕೆಯ ನೌಕರಿ ಅಷ್ಟರಲ್ಲಿ ಹೋಗಿಯಾಗಿತ್ತು. ಕಂಪನಿಯ ವಕೀಲರು ನಯವಾಗಿ ಮಾತಾಡಿದರು.

"ಅರವತ್ತಮೂರು ಮಂದಿ ಎಂದು ಹೇಳುತ್ತಿದ್ದಾರೆ. ಇದು ಒಬ್ಬ ನಿವೃತ್ತ ನರ್ಸಿನ ಬಾಯಿಮಾತು. ನಾಡಿಯ ಮಾಹಿತಿ ನಂಬಲು ಬಾರದು ಎನ್ನುವವರು ತಂದಿರುವ ಮಾಹಿತಿಯಾದರೂ ನಂಬುವಂಥದ್ದೇ? ಆ ಅರವತ್ತಮೂರು ಮಂದಿ ಎಲ್ಲಿದ್ದಾರೆ?"

ಮೆಹರುನ್ನೀಸಾ ಎಲ್ಲರಿಗೂ ಹೇಳಿಕಳಿಸಿದ್ದರು. ಅಧ್ಯಕ್ಷೆ ಸಭಾಂಗಣದ ಕಡೆ ನೋಡಿ, ಬಂದವರು ಎದ್ದು ನಿಲ್ಲಬಹುದೇ ಎಂದು ಕೇಳಿದರು. ಮೊದಲು ಮೂರನೆಯ ಸಾಲಿನಲ್ಲಿ ಚೆನ್ನವೀರ ಎದ್ದ. ಖಾಕಿ ಸಮವಸ್ತ್ರ ಹಾಕಿಕೊಂಡು ಬಂದಿದ್ದ. ಅವನ ಕಿವಿ ಕೆಂಪಾಗಿತ್ತು, ಆದರೆ ತಲೆ ತಗ್ಗಿಸಲಿಲ್ಲ. ಹಿಂದಿನಿಂದ ಬೇಕರಿಯವನು ಎದ್ದ. ಸೆರಗು ಹೊದ್ದ ಒಬ್ಬ ಹೆಂಗಸು ಎದ್ದಳು. ಒಬ್ಬೊಬ್ಬರಾಗಿ ಎದ್ದು ಒಂಬತ್ತು ಜನರಾದರು. ಮತ್ತೆ ಯಾರೂ ಏಳಲಿಲ್ಲ.

"ಒಂಬತ್ತು," ಎಂದರು ಅಧ್ಯಕ್ಷೆ. "ಬರೆದುಕೊಳ್ಳಿ." ಗುಮಾಸ್ತ ಪೆನ್ನು ಎತ್ತಿಕೊಂಡ.

"ಬರೀಬ್ಯಾಡ್ರಿ!"

ನೀಲಾಂಬಿಕೆ ಎದ್ದು ನಿಂತಿದ್ದಳು. ವಕೀಲರು ಆಕ್ಷೇಪಿಸಿದರು. ಅವಳು ಅವರ ಕಡೆ ನೋಡಲೂ ಇಲ್ಲ.

"ಒಂಬತ್ತು ಅಂತ ಬರದ್ರ ನಾಳಿಂದ ಯಂತ್ರ ಒಂಬತ್ತು ಮಂದಿಗೆ ಅಷ್ಟ ಚೀಲ ಮಾಡ್ತೈತಿ. ಇಷ್ಟು ವರ್ಷ ನಾವು ಮಾಡಿದ್ದು ಇದನ್ನ ಅಲ್ಲೇನ್ರಿ? ಇಲ್ಲಿ ಬಂದು ನಿಲ್ಲೂದು ಅಂದ್ರ ಏನು ಅಂತ ಆ ಮೂರನೇ ಸಾಲಿನಾಗ ನಿಂತಾರಲ್ಲ, ಅವರನ್ನ ಕೇಳ್ರಿ. ಬರಾಕ ಆಗದವರು ಅದಾರ. ಸಿಸ್ಟರ್ ಕಡೆ ಅರವತ್ಮೂರು ಮಂದಿ. ಸಿಸ್ಟರ್ ಹೆಸರ ಕೇಳದವರು ಎಷ್ಟೋ." ಅವಳು ಗುಮಾಸ್ತನ ಕಾಗದದ ಕಡೆ ಬೆರಳು ತೋರಿಸಿದಳು. "ಬಂದವರು ಒಂಬತ್ತು ಅಂತ ಬರೀರಿ. ಅದರ ಮುಂದ, ಬಾರದವರು ಎಷ್ಟೋ ನಮಗ ಗೊತ್ತಿಲ್ಲ ಅಂತ ಬರೀರಿ."

ಗುಮಾಸ್ತ ಅಧ್ಯಕ್ಷೆಯ ಮುಖ ನೋಡಿದ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಇನ್ನೂ ನಿಂತೇ ಇದ್ದ ಆ ಒಂಬತ್ತು ಜನರನ್ನು ಒಮ್ಮೆ ನೋಡಿ ತಲೆಯಾಡಿಸಿದರು.

ಅವನು ಬರೆಯತೊಡಗಿದ. ಬರೆದು ಮುಗಿಸಿ, ಗಟ್ಟಿಯಾಗಿ ಓದಿ ಹೇಳುವವರೆಗೂ ನೀಲಾಂಬಿಕೆ ಕೂರಲಿಲ್ಲ.